ಹದಿನಾಲ್ಕು ಕೈ, ಒಂದೇ ಮುಖ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹದಿನಾಲ್ಕು ಹುಡುಗರು ತಮ್ಮ ತಮ್ಮ ಊರಲ್ಲೇ ಕುಳಿತು ಕೂಡಿಸಿದ ಮೂರೂವರೆ ನಿಮಿಷದ ಅಭಿಮಾನಿ ವಿಡಿಯೋವೊಂದನ್ನು ಈಚೆಗೆ ನೋಡಿದೆವು. ವಸ್ತು ಸಂಗೊಳ್ಳಿ ರಾಯಣ್ಣ. ದೃಶ್ಯಗಳು ಎರಡು ಸಿನಿಮಾಗಳವು: ಬಿ.ಆರ್. ಪಂತುಲು ಅವರ 1961ರ ‘ಕಿತ್ತೂರು ಚೆನ್ನಮ್ಮ’, ದರ್ಶನ್ ನಟಿಸಿದ 2012ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’.

ಇದನ್ನೆಲ್ಲ ಹುಡುಗಾಟವೆಂದು ತಳ್ಳಿಹಾಕುವವರಿಗೆ ಅದರ ಹಿಂದಿನ ಶ್ರಮ ಗೊತ್ತಿಲ್ಲ. ರಾಮದುರ್ಗದಿಂದ ಕಿತ್ತೂರಿಗೆ ಬಸ್ಸಿನಲ್ಲಿ ಹೋಗಿಬರುವುದರಲ್ಲಿ ದಿನವೇ ಮುಗಿಯುತ್ತದೆ. ಹಾಗಾಗಿ ಮಾತೆಲ್ಲ ಮೊಬೈಲಿನಲ್ಲೇ. ಸಂಯೋಜಕ ಹಾಡನ್ನು ತುಂಡು ಮಾಡಿ ತಲೆಗೆ ಹದಿನೈದು ಸೆಕೆಂಡಿನಂತೆ ಹಂಚಬೇಕು. ಒಬ್ಬ ಸೆಕೆಂಡಿಗೆ 24 ಫ್ರೇಮಿನಲ್ಲಿ, ಇನ್ನೊಬ್ಬ 30ರಲ್ಲಿ ಕೊಟ್ಟರೆ ಚಿತ್ರ ಎಡವುತ್ತದೆ. ವಾಟ್ಸಪ್‌ನಲ್ಲಿ ವಿಡಿಯೋ ಎಂದೇ ಕಳಿಸಿದರೆ ಕುಗ್ಗಿ ಮಸುಕಾಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಬೇಕು. ಕಪ್ಪುಬಿಳುಪಿನ ಹಳೆಯ ಚಿತ್ರ ಹೊಸದರ ಬಣ್ಣದ ಅಗಲ ಪರದೆಗೆ ಹೊಂದಬೇಕು. ನಡುವೆ ಪರೀಕ್ಷೆ, ಕಬ್ಬಿನ ಕೆಲಸ, ಕೈಕೊಡುವ ಕರೆಂಟು. ಇಷ್ಟಾಗಿಯೂ ಜೋಡಿಸಿದ ಗೆರೆ ಎಲ್ಲೂ ಕಾಣುವುದಿಲ್ಲ. ಆ ಸಂಯೋಜಕನಿಗೆ ಶಹಬ್ಬಾಸ್ ಎನ್ನಲೇಬೇಕು.

ತಕರಾರು ಬೇರೆಯದು. ಹದಿನಾಲ್ಕು ತುಣುಕುಗಳಲ್ಲಿ ಹನ್ನೊಂದರಲ್ಲಿ ನಾಯಕ ಕತ್ತಿ ಎತ್ತುತ್ತಾನೆ, ಕ್ಯಾಮೆರಾ ಅವನ ಕಣ್ಣಿನ ಹತ್ತಿರ ಹೋಗುತ್ತದೆ, ಎಲ್ಲ ನಿಧಾನವಾಗುತ್ತದೆ. ಪ್ರತಿಯೊಬ್ಬನಿಗೂ ತನ್ನ ಪಾಲಿಗೇ ಶಿಳ್ಳೆ ಬೀಳಬೇಕು.

ಉರ್ದುವಿನ ತರಹೀ ಮುಷಾಯಿರಾ ನೆನಪಾಯಿತು. ಅಲ್ಲಿ ಮೊದಲೇ ಒಂದು ಸಾಲು ಕೊಟ್ಟಿರುತ್ತಾರೆ. ಬೇರೆ ಬೇರೆ ಊರಿನ ಕವಿಗಳು ಅದೇ ಛಂದಸ್ಸು, ಅದೇ ಪ್ರಾಸದಲ್ಲಿ ಗಜಲ್ ಬರೆದು ತರುತ್ತಾರೆ. ಎಲ್ಲರೂ ದಾದ್ ಗಿಟ್ಟಿಸಲೆಂದೇ ಓದುವವರು (ಇಲ್ಲವೆನ್ನುವ ಶಾಯರನನ್ನು ನಾವಂತೂ ಕಂಡಿಲ್ಲ). ಅದರಿಂದ ಕೇಡೇನೂ ಇಲ್ಲ, ಒಬ್ಬರ ಗಜಲನ್ನು ಇನ್ನೊಬ್ಬರು ಮುಂದುವರಿಸಬೇಕಿಲ್ಲವಲ್ಲ. ಕಥೆ ಹಾಗಲ್ಲ. ಅದಕ್ಕೆ ಕಾಯುವವರು, ಸುದ್ದಿ ಒಯ್ಯುವವರು, ಸುಮ್ಮನೆ ಹಿಂದೆ ನಡೆಯುವವರೂ ಬೇಕು. ಈ ಹುಡುಗರಿಗೆ ಸೆಕೆಂಡು ಹಂಚಲಾಯಿತು, ಕಥೆ ಹಂಚಲಿಲ್ಲ.

ಹೀಗಾಗಿ 1824ರ ಅಕ್ಟೋಬರಿನಲ್ಲಿ ಥ್ಯಾಕರೆಯನ್ನು ಉರುಳಿಸಿದನೆಂದು ಈ ಸೀಮೆ ನೆನೆಯುವ ಅಮಟೂರು ಬಾಳಪ್ಪ ಇಲ್ಲಿ ಇಲ್ಲವೇ ಇಲ್ಲ. ಚೆನ್ನಮ್ಮ 1829ರಲ್ಲಿ ಸೆರೆಯಲ್ಲೇ ತೀರಿಕೊಂಡದ್ದು ಬೈಲಹೊಂಗಲದಲ್ಲಿ, ಸಮಾಧಿಯೂ ಅಲ್ಲೇ. ಬೈಲಹೊಂಗಲದ ಎಡಿಟರೂ ಆ ಕಡೆ ತಿರುಗಿಲ್ಲ. ಅಲ್ಲಿ ಕತ್ತಿ ಇಲ್ಲವೆಂದೇನೋ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣ ಪಡೆ ಕಟ್ಟಿದ್ದು ಸಾಮಾನ್ಯ ಜನರಿಂದ; ಅವರೂ ಇಲ್ಲ. ಉಳಿದದ್ದು ಒಂದೇ ಮುಖ. ಅದಕ್ಕೆ ಯಾರು ಬೇಕಾದರೂ ತಮ್ಮ ಬಾವುಟ ಹೊದಿಸಬಹುದು, ಹೊದಿಸುತ್ತಲೂ ಇದ್ದಾರೆ. ವಿಡಿಯೋದ ಕೊನೆಯಲ್ಲಿ ಬರುವ ಎಡಿಟರುಗಳ ಪಟ್ಟಿಯಲ್ಲಾದರೋ ಹಿಂದೂ ಮುಸ್ಲಿಂ ಹೆಸರುಗಳು ಬೆರೆತೇ ಇವೆ.

ರಾಮದುರ್ಗದ ಹುಡುಗನ ತುಣುಕು ಮಾತ್ರ ಬೇರೆ. ಹಳೆಯ ಚಿತ್ರದಿಂದ ಆತ ಆರಿಸಿದ್ದು ನಾಯಕಿಯನ್ನಲ್ಲ, ಹಿಂದೆ ನಿಂತ ಸೈನಿಕರ ಸಾಲನ್ನು. ಸಂಯೋಜಕ ಅದನ್ನು ಹಾಡಿನ ತೀರ ಸಪ್ಪೆ ಜಾಗಕ್ಕೆ ತಳ್ಳಿದ್ದಾನೆ. ರಾಯಣ್ಣ ಹುಟ್ಟಿದ ದಿನವಾದ ಆಗಸ್ಟ್ 15ಕ್ಕೆ ಇನ್ನೊಂದು ಮಾಡುವ ಮಾತಿದೆಯಂತೆ. ಆಗ ಹಾಡು ಹಂಚುವ ಕೆಲಸ ಈ ಹುಡುಗನಿಗೆ ಕೊಡಲಿ.