ಎರೆಮಣ್ಣಿನ ಮೇಲೆ ಇಪ್ಪತ್ತು ಇಂಚು

ಟೈರ್ ಸೈಜ್ ಬದಲಿಸಲು ಹೊರಟವರ ಬಾಯಲ್ಲಿ ಒಂದು ಲೆಕ್ಕ ಸದಾ ಸಿದ್ಧವಾಗಿರುತ್ತದೆ. ಹೊಸ ಟೈರಿನ ಹೊರವ್ಯಾಸ ಹಳೆಯದಕ್ಕಿಂತ ಶೇ 3ರಷ್ಟು ಆಚೀಚೆ ಆದರೂ ಚಿಂತೆಯಿಲ್ಲವಂತೆ. ರಿಮ್ಮನ್ನು ಒಂದಿಂಚು ದೊಡ್ಡದು ಮಾಡಿ, ಟೈರಿನ ಪಕ್ಕವನ್ನು ಅಷ್ಟಕ್ಕಷ್ಟೇ ತೆಳ್ಳಗೆ ಮಾಡಿದರೆ ಅದು ‘ಪ್ಲಸ್ ಒನ್’. ಎರಡಿಂಚು ಏರಿದರೆ ‘ಪ್ಲಸ್ ಟೂ’. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಇದೇ ಮಾತು, ಟೆಕ್ಸಸ್‌ನ ಪ್ರಾಸ್ಪರ್‌ನಲ್ಲೂ ಇದೇ ಮಾತು. ಸೂತ್ರ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅದು ಪರೀಕ್ಷೆ ಮಾಡುವುದು ಸ್ಪೀಡೋಮೀಟರನ್ನು ಮಾತ್ರ. ಟೈರು ಎಷ್ಟು ಭಾರ ಹೊರುತ್ತದೆ, ಯಾವ ನೆಲದ ಮೇಲೆ ಉರುಳುತ್ತದೆ ಎಂಬುದು ಆ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲೇ ಇಲ್ಲ.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಎಷ್ಟೋ ಹ್ಯಾಚ್‌ಬ್ಯಾಕ್‌ಗಳಿಗೆ, ಸೆಡಾನ್‌ಗಳಿಗೆ ಬರುವ ಸೈಜು 225/45 ಆರ್ 17. ಅಂದರೆ 225 ಮಿಲಿಮೀಟರ್ ಅಗಲ, ಆ ಅಗಲದ ಶೇ 45ರಷ್ಟು ಎತ್ತರದ ಸೈಡ್‌ವಾಲ್, 17 ಇಂಚಿನ ರಿಮ್. ಹೊರವ್ಯಾಸ ಸುಮಾರು 634 ಮಿ.ಮೀ. ಇದನ್ನು ತೆಗೆದು 225/35 ಆರ್ 19 ಹಾಕಿದರೆ ವ್ಯಾಸ 640 ಆಗುತ್ತದೆ. ವ್ಯತ್ಯಾಸ ಶೇ ಒಂದರೊಳಗೆ. ಸೂತ್ರದ ಪ್ರಕಾರ ಡಿಸ್ಟಿಂಕ್ಷನ್‌ನಲ್ಲಿ ಪಾಸು. ಈಗ ಸೈಜಿನ ಪಕ್ಕದಲ್ಲಿ ಚಿಕ್ಕದಾಗಿ ಅಚ್ಚಾಗಿರುವ ಇನ್ನೊಂದು ಅಂಕಿ ಓದಿ. ಹಳೆಯದರ ಲೋಡ್ ಇಂಡೆಕ್ಸ್ 91, ಅಂದರೆ ಒಂದು ಟೈರ್ 615 ಕಿಲೋ ಹೊರುತ್ತದೆ. ಹೊಸದರದು 88, ಅಂದರೆ 560 ಕಿಲೋ. ಸೈಡ್‌ವಾಲ್ 101 ಮಿ.ಮೀ.ನಿಂದ 79ಕ್ಕೆ ಇಳಿದಿದೆ. ಆ 88 ಕೂಡ ‘ಎಕ್ಸ್‌ಟ್ರಾ ಲೋಡ್’ ಟೈರಿನದ್ದು. ಆ ಭಾರ ಹೊರಬೇಕಾದರೆ ಅದಕ್ಕೆ ಹಳೆಯದಕ್ಕಿಂತ ಹೆಚ್ಚು ಗಾಳಿ ಬೇಕು. ಅದೇ ಹಳೆಯ 33 ಪಿಎಸ್‌ಐ ತುಂಬಿಸಿಕೊಂಡು, ಐದು ಜನ ಕೂತು, ಡಿಕ್ಕಿ ತುಂಬಾ ಸಾಮಾನು ಹೇರಿ ಹ್ಯೂಸ್ಟನ್‌ಗೆ ಹೊರಟರೆ ಟೈರು ಒಳಗೊಳಗೇ ಬೇಯುತ್ತಿರುತ್ತದೆ. ಸ್ಪೀಡೋಮೀಟರ್ ಮಾತ್ರ ಸರಿಯಾಗಿ ತೋರಿಸುತ್ತಿರುತ್ತದೆ!

ಇದನ್ನು ಕಂಡ ಹಿರಿಯರು ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಾರೆ: ಡ್ರೈವರ್ ಬಾಗಿಲ ಪಕ್ಕ ಅಂಟಿಸಿರುವ ಚೀಟಿಯಲ್ಲಿ ಏನಿದೆಯೋ ಅದನ್ನೇ ಹಾಕಿಸು, ಕಂಪನಿಯವರಿಗಿಂತ ನಿನಗೆ ಜಾಸ್ತಿ ಗೊತ್ತಾ? ಬುದ್ಧಿಮಾತೇ. ಹತ್ತರಲ್ಲಿ ಒಂಬತ್ತು ಸಲ ಅದನ್ನು ಕೇಳುವುದೇ ಒಳ್ಳೆಯದು. ಹತ್ತನೆಯದಕ್ಕೆ ಟೆಕ್ಸಸ್‌ನಲ್ಲೇ ದೊಡ್ಡ ಸಾಕ್ಷಿ ಇದೆ. 2000ನೇ ಇಸವಿಯ ಫೆಬ್ರವರಿಯಲ್ಲಿ ಹ್ಯೂಸ್ಟನ್‌ನ ಕೆಎಚ್‌ಒಯು ಟಿವಿ ವಾಹಿನಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳ ಫೈರ್‌ಸ್ಟೋನ್ ಟೈರುಗಳು ಹೆದ್ದಾರಿಯಲ್ಲಿ ಓಡುತ್ತಿದ್ದಂತೆಯೇ ಪದರ ಬಿಟ್ಟು ಕಿತ್ತುಬರುತ್ತಿರುವ ಸುದ್ದಿಯನ್ನು ಹೊರಗೆ ತಂದಿತು. ಆಗಸ್ಟ್‌ನಲ್ಲಿ 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಟೆಕ್ಸಸ್‌ನಂಥ ಸೆಕೆಯ ರಾಜ್ಯಗಳಲ್ಲಿ ಪೆಟ್ಟು ಜಾಸ್ತಿ. ಟೈರಿನಲ್ಲಿ ದೋಷವಿತ್ತು, ಸರಿ. ಆದರೆ ಆ ಗಾಡಿಗೆ ಫೋರ್ಡ್ ಹೇಳಿದ್ದ ಒತ್ತಡ 26 ಪಿಎಸ್‌ಐ. ಇದು ಕಡಿಮೆಯಾಯಿತು, 30 ಇರಬೇಕು ಎಂದು ಫೈರ್‌ಸ್ಟೋನ್ ಹಟ ಹಿಡಿಯಿತು. ಇಬ್ಬರೂ ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕಿದರು. ಅದೇ ವರ್ಷ ಅಮೆರಿಕದ ಸಂಸತ್ತು ಹೊಸ ಕಾನೂನು ತಂದಿತು. ಗಾಳಿ ಕಡಿಮೆಯಾದರೆ ಇವತ್ತು ಡ್ಯಾಶ್‌ಬೋರ್ಡಿನಲ್ಲಿ ಹತ್ತುವ ಹಳದಿ ದೀಪ ಆ ಕಾನೂನಿನ ಕೂಸು. ಬಾಗಿಲ ಚೀಟಿಯನ್ನು ಬರೆದವರೂ ಮನುಷ್ಯರೇ. ಅವರ ಮುಂದೆ ಸುರಕ್ಷತೆಯ ಜೊತೆ ಸವಾರಿಯ ಮೆದುತನ, ಮೈಲೇಜು, ಷೋರೂಮಿನ ಅಂದ, ಎಲ್ಲವೂ ಇರುತ್ತವೆ.

ಷೋರೂಮಿನ ಅಂದ ಗೆದ್ದ ಕಾರು ಯಾವುದು ಎಂದರೆ ನಾನು ಮೊದಲು ಬೆರಳು ಮಾಡುವುದು ಹೋಂಡಾ ಸಿವಿಕ್ ಟೈಪ್ ಆರ್ ಕಡೆಗೆ. 2017ರಿಂದ 2021ರವರೆಗೆ ಅಮೆರಿಕಕ್ಕೆ ಬಂದ, ಎಫ್‌ಕೆ8 ಎಂಬ ಸಂಕೇತದ ಆ ಕಾರನ್ನು ನಾನು ಮೆಚ್ಚುತ್ತೇನೆ. ಗೇರ್ ಬದಲಿಸುವ ಆ ಚುರುಕು, ಮುಂದಿನ ಚಕ್ರಗಳೇ ಎಳೆಯುವ ಕಾರಾದರೂ ತಿರುವಿನಲ್ಲಿ ಕಚ್ಚಿ ಹಿಡಿಯುವ ಬಗೆ, ಇವೆರಡಕ್ಕೂ ಸಾಟಿ ಕಡಿಮೆ. ಆದರೆ ಅದಕ್ಕೆ ಹೋಂಡಾ ಹಾಕಿದ ಟೈರು 245/30 ಆರ್ 20. ಇಪ್ಪತ್ತು ಇಂಚಿನ ರಿಮ್, ಅದರ ಸುತ್ತ ಬರೀ 73.5 ಮಿ.ಮೀ. ರಬ್ಬರು, ನಾಲ್ಕು ಬೆರಳು ಅಡ್ಡ ಇಟ್ಟರೆ ಮುಗಿಯಿತು. ಚಿತ್ರದಲ್ಲಿ ನೋಡಲು ಭಲೇ ಚೆಂದ. ಸ್ಟೆಪ್ನಿ ಇಲ್ಲ, ಡಿಕ್ಕಿಯಲ್ಲಿ ಇರುವುದು ರಿಪೇರಿ ಕಿಟ್ ಮಾತ್ರ. ಆ ಕಿಟ್ಟಿನ ದ್ರವ ಮುಚ್ಚುವುದು ಮೊಳೆ ಚುಚ್ಚಿದ ತೂತನ್ನು. ಸೈಡ್‌ವಾಲ್ ಹರಿದರೆ ಅದರಿಂದ ಏನೂ ಪ್ರಯೋಜನವಿಲ್ಲ.

ಪ್ರಾಸ್ಪರ್‌ನಲ್ಲಿ ಆ ಸೈಡ್‌ವಾಲ್‌ಗೆ ಏನಾಗುತ್ತದೆ ಎಂದು ತಿಳಿಯಲು ನೆಲ ನೋಡಬೇಕು. ಡಲ್ಲಾಸ್‌ನ ಉತ್ತರದಿಂದ ಆಸ್ಟಿನ್ ದಾಟಿ ತೆಂಕಣಕ್ಕೆ ಹಬ್ಬಿರುವ ಬ್ಲ್ಯಾಕ್‌ಲ್ಯಾಂಡ್ ಪ್ರೇರಿಯ ಮಣ್ಣು ನಮ್ಮ ಗದಗ, ಕೊಪ್ಪಳ, ರಾಯಚೂರಿನ ಎರೆಮಣ್ಣಿನ ಜಾತಿಯದೇ. ‘ಹ್ಯೂಸ್ಟನ್ ಬ್ಲ್ಯಾಕ್’ ಎಂದು ಅದಕ್ಕೆ ಹೆಸರು. ಟೆಕ್ಸಸ್‌ನ ರಾಜ್ಯಮಣ್ಣು ಎಂಬ ಮಾನವೂ ಅದಕ್ಕಿದೆ. ಮಳೆ ಬಿದ್ದರೆ ಉಬ್ಬುತ್ತದೆ, ಬಿಸಿಲಿಗೆ ಒಣಗಿ ಕೈ ಇಳಿಸುವಷ್ಟು ಬಿರುಕು ಬಿಡುತ್ತದೆ. ಎರೆ ಹೊಲದಲ್ಲಿ ಮನೆ ಕಟ್ಟಿಸಿದ ಯಾರನ್ನಾದರೂ ಕೇಳಿ, ಗೋಡೆ ಸೀಳುವ ಕತೆ ಹೇಳುತ್ತಾರೆ. ಇಲ್ಲಿ ಅದರ ಮೇಲೆ ಕಾಂಕ್ರೀಟ್ ಹಲಗೆಗಳ ರಸ್ತೆ ಹಾಸಿದ್ದಾರೆ. ಮಣ್ಣು ಉಸಿರಾಡಿದಂತೆಲ್ಲ ಒಂದು ಹಲಗೆ ಏಳುತ್ತದೆ, ಪಕ್ಕದ್ದು ಇಳಿಯುತ್ತದೆ. ಎರಡರ ನಡುವೆ ಉಳಿಯುವ ಕಾಂಕ್ರೀಟ್ ಅಂಚು ಟೈರಿಗೆ ಕತ್ತಿ. ಎತ್ತರದ ಸೈಡ್‌ವಾಲ್ ಆ ಪೆಟ್ಟಿಗೆ ಬಾಗಿ ಬಿಡುತ್ತದೆ. ತೆಳ್ಳನೆಯದಕ್ಕೆ ಬಾಗಲು ಜಾಗವಿಲ್ಲ; ರಿಮ್ಮಿನ ತುಟಿಗೂ ಕಾಂಕ್ರೀಟಿಗೂ ನಡುವೆ ಸಿಕ್ಕಿ ಒಳಗಿನ ದಾರಗಳು ತುಂಡಾಗುತ್ತವೆ. ಹೊರಗೆ ಏನೂ ಕಾಣುವುದಿಲ್ಲ. ಸ್ವಲ್ಪ ದಿನ ಕಳೆದ ಮೇಲೆ ಪಕ್ಕದಲ್ಲಿ ಒಂದು ಬುಗುಟು ಏಳುತ್ತದೆ. ಅದಕ್ಕೆ ಪ್ಯಾಚ್ ಇಲ್ಲ, ಟೈರು ಎಸೆಯಬೇಕು. ರಿಮ್ ಡೊಂಕಾಗಿದ್ದರೆ ಅದರ ಲೆಕ್ಕ ಬೇರೆ. ಇದರ ಜೊತೆಗೆ, 2010ರಲ್ಲಿ ಹತ್ತು ಸಾವಿರ ಜನರೂ ಇಲ್ಲದ, 2020ರಲ್ಲಿ ಮೂವತ್ತು ಸಾವಿರ ದಾಟಿದ ಊರು ಪ್ರಾಸ್ಪರ್. ಎಲ್ಲಿ ನೋಡಿದರೂ ಮನೆ ಕಟ್ಟುತ್ತಿದ್ದಾರೆ; ರಸ್ತೆಯಲ್ಲಿ ಮೊಳೆಗಳಿಗೆ ಬರವಿಲ್ಲ.

‘ಫಾರ್ಮುಲಾ ಒನ್‌ನವರೇ 13 ಇಂಚಿನಿಂದ 18ಕ್ಕೆ ಹೋದರಲ್ಲ’ ಎಂದು ಹುಡುಗರು ವಾದಿಸುತ್ತಾರೆ. ಹೋದದ್ದು ನಿಜ, 2022ರಲ್ಲಿ. ಆದರೆ ಆಸ್ಟಿನ್‌ನ ಸರ್ಕಿಟ್ ಆಫ್ ದಿ ಅಮೆರಿಕಾಸ್ ಕಡೆ ಸ್ವಲ್ಪ ನೋಡಿ. 2012ರಲ್ಲಿ ತೆರೆದ ಆ ಟ್ರ್ಯಾಕು ಇದೇ ಹೊರಳುವ ಜೇಡಿಯ ಮೇಲೆ ನಿಂತಿದೆ. ಅಲ್ಲಿನ ಉಬ್ಬುತಗ್ಗುಗಳ ಬಗ್ಗೆ ಮೋಟೋ ಜಿಪಿ ಸವಾರರು ಬಹಿರಂಗವಾಗಿ ದೂರಿದರು, ಡಾಂಬರು ಕಿತ್ತು ಮತ್ತೆ ಹಾಕಬೇಕಾಯಿತು. ಅಷ್ಟು ಹಣ ಸುರಿದ ಟ್ರ್ಯಾಕನ್ನೇ ಈ ಮಣ್ಣು ಬಿಡಲಿಲ್ಲ, ಊರೊಳಗಿನ ಗಲ್ಲಿಯನ್ನು ಬಿಡುತ್ತದೆಯೇ? ಫಾರ್ಮುಲಾ ಒನ್ ಕಾರಿಗೆ ಪೆಟ್ಟು ಬಿದ್ದರೆ ಟೈರು ಬದಲಿಸಲು ಜನ ಕಾದು ನಿಂತಿರುತ್ತಾರೆ ಎಂಬುದು ಬೇರೆ ಮಾತು.

ಎಫ್‌ಕೆ8 ಬಗ್ಗೆ ಅತ್ಯಂತ ತೀಕ್ಷ್ಣವಾದ ವಿಮರ್ಶೆ ಬರೆದದ್ದು ಯಾವ ಪತ್ರಕರ್ತನೂ ಅಲ್ಲ, ಸ್ವತಃ ಹೋಂಡಾ. 2023ರ ಮಾದರಿಯಾಗಿ ಬಂದ ಮುಂದಿನ ಟೈಪ್ ಆರ್‌ಗೆ ಅವರು 265/30 ಆರ್ 19 ಹಾಕಿದರು. ಟೈರಿನ ಅಗಲ ಇಪ್ಪತ್ತು ಮಿ.ಮೀ. ಹೆಚ್ಚಿತು, ರಿಮ್ ಒಂದಿಂಚು ಇಳಿಯಿತು. ವೇಗದ ಕಾರು ಬೇಕಾದವನು ಅಗಲ ಕೇಳಬಹುದು, ರಿಮ್ಮಿನ ಎತ್ತರ ಕೇಳಬೇಕಾಗಿಲ್ಲ ಎಂದು ಒಪ್ಪಿಕೊಂಡಂತೆ ಆಯಿತು. ಹಿಡಿತ ಕೊಡುವುದು ರಬ್ಬರಿನ ಮಿಶ್ರಣ ಮತ್ತು ಅದು ನೆಲಕ್ಕೆ ತಾಗುವ ಬಗೆ. ದೊಡ್ಡ ರಿಮ್ ಕೊಡುವುದು ಬ್ರೇಕಿಗೆ ಜಾಗ, ಸ್ಟೀರಿಂಗ್‌ಗೆ ಒಂದಿಷ್ಟು ಚುರುಕು, ಉಳಿದದ್ದೆಲ್ಲ ತೂಕ.

ಪ್ರಾಸ್ಪರ್ ಪಕ್ಕದ ಫ್ರಿಸ್ಕೋದ ಕಾರ್ಯಸಿದ್ಧಿ ಹನುಮಾನ್ ದೇವಸ್ಥಾನದ ಪಾರ್ಕಿಂಗ್‌ನಲ್ಲಿ ಯುಗಾದಿಯ ದಿನ ಒಂದು ಸುತ್ತು ಹಾಕಿದರೆ ನಮ್ಮವರ ರುಚಿ ತಿಳಿಯುತ್ತದೆ. ಕಪ್ಪು ಬಣ್ಣ ಬಳಿದ ದೊಡ್ಡ ರಿಮ್ಮುಗಳು, ಅವುಗಳ ಮೇಲೆ ಹೆಸರೇ ಕೇಳದ ಕಂಪನಿಯ ಅಗ್ಗದ ಟೈರುಗಳು. ರಿಮ್ಮಿಗೆ ಹಣ ಸುರಿದು ರಬ್ಬರಿಗೆ ಕೈ ಬಿಗಿ ಮಾಡುವುದೆಂದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಹಾಗೆ ನೋಡಿದರೆ ಹ್ಯೂಸ್ಟನ್‌ನ ‘ಸ್ಲ್ಯಾಬ್’ ಕಾರುಗಳ ಬಗ್ಗೆ ನನಗೆ ಹೆಚ್ಚು ಗೌರವ. 1983, 84ರ ಕ್ಯಾಡಿಲ್ಯಾಕ್‌ಗಳ ತಂತಿ ರಿಮ್ಮುಗಳ ವಂಶದಿಂದ ಬಂದು, ಕಾರಿನ ಮೈಯಿಂದ ಮೊಳದುದ್ದ ಹೊರಗೆ ಚಾಚಿರುವ ಚಕ್ರಗಳು. ಅಲ್ಲಿನ ಕರಿಯರ ಸಮುದಾಯ ದಶಕಗಳಿಂದ ಬೆಳೆಸಿದ ಕಲೆ ಅದು. ಅವರು ನಿಧಾನ ಓಡಿಸುತ್ತಾರೆ, ಜೋರಾಗಿ ಸಂಗೀತ ಹಾಕುತ್ತಾರೆ, ಇದು ಅಲಂಕಾರ ಎಂದೇ ಹೇಳುತ್ತಾರೆ. ಅಲಂಕಾರವನ್ನು ‘ಪರ್ಫಾರ್ಮೆನ್ಸ್’ ಎಂದು ಮಾರುವ ಕೆಲಸ ಅಲ್ಲಿಲ್ಲ.

ಹಾಗಂತ ಅಗಲವೇ ದೇವರೂ ಅಲ್ಲ. ಟೊಯೋಟಾ 86 ಬಂದಾಗ, ಅಮೆರಿಕದಲ್ಲಿ ಅದು ಸಯಾನ್ ಎಫ್‌ಆರ್-ಎಸ್, ಅದಕ್ಕೆ ಕೊಟ್ಟದ್ದು 215/45 ಆರ್ 17 ಅಳತೆಯ ಮಿಶೆಲಿನ್ ಪ್ರೈಮಸಿ. ಪ್ರಿಯಸ್‌ಗೂ ಅದೇ ಟೈರು ಬರುತ್ತಿತ್ತು. ಜನ ನಕ್ಕರು. ಬೇಕೆಂದೇ ಹಾಗೆ ಮಾಡಿದ್ದರು: ಹಿಡಿತ ಕಡಿಮೆ ಇದ್ದುದರಿಂದಲೇ ಸಾಧಾರಣ ವೇಗದಲ್ಲೂ ಕಾರು ಹಿಂದಿನಿಂದ ಮೆಲ್ಲಗೆ ಜಾರಿ ಆಟವಾಡುತ್ತಿತ್ತು. ಆ ಕಾರಿಗೆ 245 ಹಾಕಿಸಿ ಅಂಟಿನಂತೆ ಅಂಟಿಸಿದವರು ಲ್ಯಾಪಿನಲ್ಲಿ ಸೆಕೆಂಡು ಗಳಿಸಿದರು. ಅದನ್ನು ಕೊಂಡದ್ದೇ ಯಾವ ಸುಖಕ್ಕೋ ಅದನ್ನು ಕಳೆದುಕೊಂಡರು. ನನ್ನ ಕಣ್ಣಿಗೆ 86ರ ಟೈರು ಒಂದು ಒಳ್ಳೆಯ ಸಂಪಾದಕೀಯ ನಿರ್ಧಾರ, ಎಫ್‌ಕೆ8ರದು ಕೆಟ್ಟದ್ದು. ಎರಡೂ ಕಂಪನಿಯ ಚೀಟಿಗಳೇ.

ಹಾಗಾದರೆ ಪ್ರಾಸ್ಪರ್‌ನಲ್ಲಿ ಎಫ್‌ಕೆ8 ಇಟ್ಟುಕೊಂಡವರು ಏನು ಹಾಕಿಸಬೇಕು? ಎರಡು ಸೈಜುಗಳು ಚರ್ಚೆಗೆ ಬರುತ್ತವೆ. ಮೊದಲನೆಯದು 265/35 ಆರ್ 18. ಸೈಡ್‌ವಾಲ್ ಸುಮಾರು 93 ಮಿ.ಮೀ., ಲೋಡ್ ಇಂಡೆಕ್ಸ್ 97, ಅಂದರೆ 730 ಕಿಲೋ. ಡೆಕಾಟರ್ ಬಳಿಯ ಈಗಲ್ಸ್ ಕ್ಯಾನ್ಯನ್ ಟ್ರ್ಯಾಕಿಗೆ ಹೋಗುವವರಿಗೆ ಇದು ಒಪ್ಪುತ್ತದೆ. ಟ್ರ್ಯಾಕ್ ಟೈರುಗಳು ಈ ಸೈಜಿನಲ್ಲಿ ಬೇಕಾದಷ್ಟು ಸಿಗುತ್ತವೆ. ಆದರೆ ರಿಮ್ ಒಂಬತ್ತೂವರೆ ಇಂಚು ಅಗಲ ಇರಬೇಕು, ಬ್ರೇಕಿಗೆ ತಾಗದ ವಿನ್ಯಾಸ ಹುಡುಕಬೇಕು. ವ್ಯಾಸ ಶೇ 1.9ರಷ್ಟು ಕಡಿಮೆಯಾಗುವುದರಿಂದ ಮೀಟರು 70 ತೋರಿಸಿದಾಗ ಕಾರು 69ಕ್ಕಿಂತ ಕೆಳಗೆ ಓಡುತ್ತಿರುತ್ತದೆ. ಎರಡನೆಯದು 245/40 ಆರ್ 18. ವ್ಯಾಸ 653 ಮಿ.ಮೀ., ಮೂಲದ್ದು 655. ಅಗಲ ಬದಲಾಗುವುದಿಲ್ಲ, ಎಂಟೂವರೆ ಇಂಚಿನ ರಿಮ್ ಸಾಕು. ಸೈಡ್‌ವಾಲ್ 98 ಮಿ.ಮೀ.; ಕಾಂಕ್ರೀಟಿನ ಅಂಚಿಗೂ ರಿಮ್ಮಿಗೂ ನಡುವೆ ಸುಮಾರು ಒಂದಿಂಚು ಹೆಚ್ಚಿನ ರಬ್ಬರು. ಎಕ್ಸ್‌ಟ್ರಾ ಲೋಡ್ ಆಯ್ದರೆ 600 ಕಿಲೋ ಇದ್ದ ಸಾಮರ್ಥ್ಯ 730ಕ್ಕೆ ಏರುತ್ತದೆ. ಈ ಅಳತೆಯಲ್ಲಿ ಆಲ್ ಸೀಸನ್ ಟೈರುಗಳೂ ಧಾರಾಳವಾಗಿ ಸಿಗುತ್ತವೆ. ಟೆಕ್ಸಸ್‌ಗೆ ಅದೇಕೆ ಎನ್ನುವವರು 2021ರ ಫೆಬ್ರವರಿ ನೆನಪಿಸಿಕೊಳ್ಳಲಿ. ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಉಷ್ಣತೆ ಮೈನಸ್ 19 ಡಿಗ್ರಿ ಸೆಲ್ಸಿಯಸ್‌ಗೆ ಬಿದ್ದಿತ್ತು. ಬೇಸಿಗೆ ಟೈರಿನ ರಬ್ಬರು ಏಳು ಡಿಗ್ರಿಯ ಕೆಳಗೇ ಬಿಗಿಯುತ್ತದೆ, ತೀರಾ ಚಳಿಯಲ್ಲಿ ಓಡಿಸಿದರೆ ಸೀಳುವುದೂ ಉಂಟು.

ಬೀದಿಯ ಎಫ್‌ಕೆ8ಗೆ ನನ್ನ ಮತ 245/40 ಆರ್ 18ಕ್ಕೆ. ಬೇರೆ ಕಾರಿನವರು ಅಂಗಡಿಗೆ ಹೋಗುವ ಮುನ್ನ ಮೂರು ಅಂಕಿ ಬರೆದುಕೊಳ್ಳಿ: ಹಳೆಯ ಟೈರಿನ ಲೋಡ್ ಇಂಡೆಕ್ಸ್, ಸೈಡ್‌ವಾಲಿನ ಎತ್ತರ, ರಿಮ್ಮಿನ ಅಗಲ. ಮೊದಲ ಎರಡರಲ್ಲಿ ಯಾವುದು ಕಡಿಮೆಯಾದರೂ ಬೇಡ ಎನ್ನಿ, ವ್ಯಾಸ ಎಷ್ಟೇ ಕರಾರುವಾಕ್ಕಾಗಿ ಹೊಂದಿದರೂ ಸರಿ. ಸೈಜು ಬದಲಿಸಿದ್ದರೆ ಗಾಳಿಯ ಒತ್ತಡವನ್ನು ಹೊಸ ಟೈರಿನ ಲೋಡ್ ಪಟ್ಟಿ ನೋಡಿ ನಿರ್ಧರಿಸಿ. ಇದನ್ನು ಬೇರೆ ಯಾರೂ ನಿಮಗಾಗಿ ನೋಡುವುದಿಲ್ಲ: ಖಾಸಗಿ ಕಾರುಗಳ ವಾರ್ಷಿಕ ಸುರಕ್ಷತಾ ತಪಾಸಣೆಯನ್ನು ಟೆಕ್ಸಸ್ 2025ರ ಜನವರಿ 1ರಿಂದ ನಿಲ್ಲಿಸಿದೆ.