ಆರ್ಥರನ ಆಸ್ಥಾನದ ದುಭಾಷಿ

ಆರ್ಥರ್ ದೊರೆಯ ಕಥೆಗಳನ್ನು ಇಂಗ್ಲಿಷಿನ ಮೂಲಕ ಬಲ್ಲವರಿಗೆ ದುಂಡುಮೇಜು, ಲಾನ್ಸೆಲಾಟ್, ಪವಿತ್ರ ಪಾತ್ರೆಯ ಅನ್ವೇಷಣೆ ಇವೇ ಗುರುತುಗಳು. ವೆಲ್ಷ್ ಭಾಷೆಯ ‘ಕುಲ್ಹುಖ್ ಮತ್ತು ಓಲ್ವೆನ್’ ಕಥನದಲ್ಲಿ ಇವು ಯಾವುವೂ ಇಲ್ಲ. ಸುಮಾರು 1100ರದೆಂದು ಬಹುಕಾಲ ಎಣಿಸಲಾಗಿರುವ ಈ ಕೃತಿಯ ಆಸ್ಥಾನದಲ್ಲಿ ಬೇರೊಂದು ಬಗೆಯ ವೀರನಿದ್ದಾನೆ: ದುಭಾಷಿ ಗುರ್ಹಿರ್.

ಸೆರೆಯಲ್ಲಿರುವ ಮಾಬೊನನನ್ನು ಹುಡುಕಬೇಕಾದಾಗ, ಎಲ್ಲ ನುಡಿಗಳನ್ನೂ ಕೆಲವು ಹಕ್ಕಿ-ಮೃಗಗಳ ಮಾತನ್ನೂ ಬಲ್ಲನೆಂಬ ಕಾರಣಕ್ಕೇ ಆರ್ಥರ್ ಇವನನ್ನು ಕಳುಹಿಸುತ್ತಾನೆ. ಕರಿಹಕ್ಕಿ, ಸಾರಂಗ, ಗೂಬೆ, ಹದ್ದು ಒಂದಕ್ಕಿಂತ ಒಂದು ಹಳೆಯ ಜೀವಿಗಳು. ಯಾವುದಕ್ಕೂ ಮಾಬೊನನ ಸುದ್ದಿ ತಿಳಿಯದು. ಕೊನೆಗೆ ಎಲ್ಲಕ್ಕೂ ಹಿರಿದಾದ ಸಾಲ್ಮನ್ ಮೀನು ಗುರ್ಹಿರನನ್ನೂ ಕೇಯ್‌ನನ್ನೂ ಹೆಗಲ ಮೇಲೆ ಹೊತ್ತು ಗ್ಲಾಸ್ಟರಿನ ಸೆರೆಗೋಡೆಗೆ ಮುಟ್ಟಿಸುತ್ತದೆ. ಕೇಯ್ ಗೋಡೆ ಒಡೆಯುವುದು ಅನಂತರದ ಮಾತು. ನಾಡಿನ ಅತಿ ಹಳೆಯ ನೆನಪನ್ನು ತಲುಪಬಲ್ಲವನು ದುಭಾಷಿಯೇ.

ಅವನ ಬಿರುದಾದ ‘ಗ್ವಾಲ್‌ಸ್ಟಾಡ್’ ಹಳೆಯ ಇಂಗ್ಲಿಷಿನ ‘ವೇಲ್ಹ್‌ಸ್ಟೋಡ್’ ಪದದ ಎರವಲು. ಆ ಪದದ ಮೊದಲ ಅಂಶ ಪರಕೀಯರಿಗೂ ವೆಲ್ಷ್ ಜನರಿಗೂ ಇಂಗ್ಲಿಷರು ಬಳಸುತ್ತಿದ್ದ ಹೆಸರು. ಸ್ಯಾಕ್ಸನರನ್ನು ಸೋಲಿಸಿದನೆಂದು ಒಂಬತ್ತನೆಯ ಶತಮಾನದಿಂದ ಹೇಳಲಾಗುವ ನಾಯಕನ ಆಸ್ಥಾನದಲ್ಲಿ ಅವರ ನುಡಿಯ ಪದವೇ ಗೌರವದ ಬಿರುದಾಗಿ ನಿಂತಿದೆ.

1130ರ ದಶಕದಲ್ಲಿ ಮಾನ್ಮತ್‌ನ ಜೆಫ್ರಿ ಲ್ಯಾಟಿನ್ನಿನಲ್ಲಿ ರಚಿಸಿದ ಅರಸರ ಚರಿತ್ರೆ, ತಾನು ಬ್ರಿಟನರ ನುಡಿಯ ಪ್ರಾಚೀನ ಗ್ರಂಥವೊಂದರ ಅನುವಾದವೆಂದು ಹೇಳಿಕೊಂಡಿತು. ಆ ಗ್ರಂಥ ಇಂದಿಗೂ ದೊರೆತಿಲ್ಲ. ವಾಸ್ 1155ರಲ್ಲಿ ಅದನ್ನು ಫ್ರೆಂಚಿಗೂ, ಅನಂತರ ಲಯಮನ್ ವಾಸ್‌ನ ಕೃತಿಯನ್ನು ಇಂಗ್ಲಿಷಿಗೂ ತಂದರು. 1485ರಲ್ಲಿ ಕ್ಯಾಕ್ಸ್‌ಟನ್ ಮುದ್ರಿಸಿದ ಮ್ಯಾಲರಿಯ ಕೃತಿ ಮತ್ತೆ ಮತ್ತೆ ನೆನೆಯುವುದು ‘ಫ್ರೆಂಚ್ ಪುಸ್ತಕ’ವನ್ನು. ಅಲ್ಲಿ ಗುರ್ಹಿರ್ ಇಲ್ಲ. ಒಂಬತ್ತು ಹಗಲಿರುಳು ನೀರಿನಡಿ ಉಸಿರು ಹಿಡಿಯಬಲ್ಲವನಾಗಿದ್ದ ಕೇಯ್ ಕಟುಮಾತಿನ ಅರಮನೆ ಅಧಿಕಾರಿಯಾಗಿದ್ದಾನೆ. ಕಥೆಯೊಳಗೆ ಕೆಲಸ ಮಾಡುತ್ತಿದ್ದ ದುಭಾಷಿಯ ಜಾಗದಲ್ಲಿ ಆಧಾರಗ್ರಂಥದ ಉಲ್ಲೇಖ ಬಂದು ಕುಳಿತಿದೆ.

ಈ ಸ್ಥಳಾಂತರಕ್ಕೆ ರಾಜಕೀಯವೂ ಜೊತೆಯಾಯಿತು. 1278ರಲ್ಲಿ ಒಂದನೆಯ ಎಡ್ವರ್ಡ್ ಗ್ಲಾಸ್ಟನ್‌ಬರಿಯಲ್ಲಿ ಆರ್ಥರನದೆನ್ನಲಾದ ಗೋರಿಯನ್ನು ತೆರೆಸಿದ. 1283ರ ಹೊತ್ತಿಗೆ ವೇಲ್ಸ್ ಅವನ ವಶವಾಗಿತ್ತು. ಮರಳಿ ಬರುವನೆಂದು ಬ್ರಿಟನರು ಕಾದಿದ್ದ ದೊರೆ ಗೆದ್ದವರ ಪೂರ್ವಜನಾದ.

ಆರ್ಥರ್ ಹಲವು ಭಾಷೆಗಳಿಗೆ ದಾಟಿದ್ದರಿಂದಲೇ ಉಳಿದನೆಂಬುದು ನಿಜ. ಆದರೆ ‘ಕುಲ್ಹುಖ್’ ಅನ್ನು ಮ್ಯಾಲರಿಯ ಒರಟು ಪೂರ್ವರೂಪವೆಂದು ಓದುವ ವಿಮರ್ಶೆ, ಆ ದಾಟುವಿಕೆಯ ಕಷ್ಟವನ್ನೂ ಕೌಶಲವನ್ನೂ ವೀರಕಾರ್ಯವೆಂದು ಕಂಡ ಕೃತಿಯನ್ನೇ ಕೈಬಿಡುತ್ತದೆ. ವೆಲ್ಷ್ ಕಥನಕಾರನಿಗೆ ದುಭಾಷಿಯಿಲ್ಲದ ಆಸ್ಥಾನ ಅಪೂರ್ಣ.