ಪೋಸ್ಟರ್ ಇಲ್ಲದ ವಿಡಿಯೊಗಳು

ಹೋದ ಬೇಸಿಗೆಯಲ್ಲಿ ದಂಡಿನಶಿವರದ ಮನೆಗೊಂದು ಹೋಂ ಥಿಯೇಟರ್ ಕಂಪ್ಯೂಟರ್ ಜೋಡಿಸಿದೆ. ಟಿವಿ ಹಿಂದೆ ರಾಸ್ಪ್‌ಬೆರಿ ಪೈ, ಅದರಲ್ಲಿ ಕೋಡಿ. ಕೊಬ್ಬರಿ ಅಟ್ಟದ ಕೆಳಗಿನ ರೂಮಲ್ಲಿ ಎಲ್ಲರ ಫೋನು, ಲ್ಯಾಪ್‌ಟಾಪಿಗೂ ಸಿಗುವ ಎರಡು ಹಾರ್ಡ್ ಡಿಸ್ಕಿನ ಸ್ಟೋರೇಜ್.

ಅಪ್ಪ ‘ಗಂಧದ ಗುಡಿ’ ಹಾಕು ಅಂದ್ರು. ಬಂದ ಪೋಸ್ಟರ್ 2022ರ ಪುನೀತ್ ಅವರದು. ಒತ್ತಿದರೆ ಓಡಿದ್ದು 1973ರ ರಾಜ್‌ಕುಮಾರ್ ಸಿನಿಮಾ. ತಪ್ಪು ನಂದೇ. ಈ ತಂತ್ರಾಂಶ ಸಿನಿಮಾ ನೋಡಿ ಗುರುತು ಹಿಡಿಯಲ್ಲ. ಫೈಲಿನ ಹೆಸರು, ಇಸವಿ ನೋಡಿ ಅಂತರ್ಜಾಲದ ಪಟ್ಟಿಯಿಂದ ಪೋಸ್ಟರ್ ತರುತ್ತೆ. ಇಸವಿ ಸೇರಿಸಿದೆ, ಸರಿಹೋಯ್ತು.

ನನ್ನ ತಕರಾರು ಬೇರೆ. ‘ಗಂಧದ ಗುಡಿ’ ಇಲ್ಲಿ ಅಳಿಸಿಹೋದರೂ ಇನ್ನೆಲ್ಲಾದರೂ ಸಿಕ್ಕೀತು. ಅಜ್ಜಿ ಸೋಬಾನೆ ಹೇಳಿದ ವಿಡಿಯೊ ಇರೋದು ಇದೊಂದೇ ಕಡೆ. ಅದಕ್ಕೆ ಪೋಸ್ಟರಿಲ್ಲ, ಫೋನು ಕೊಟ್ಟ ನಂಬರೇ ಹೆಸರು. ಊರಿಗೆಲ್ಲ ಗೊತ್ತಿರೋರಿಗೆ ಮಣೆ ಹಾಕಿ, ಮನೆಯವರನ್ನ ಜಗಲಿಯಲ್ಲೇ ನಿಲ್ಲಿಸೋ ಯಂತ್ರ ಇದು. ಎರಡು ಡಿಸ್ಕಿದೆ ಅಂತ ಧೈರ್ಯವೂ ಬೇಡ: ಒಂದು ಇನ್ನೊಂದರ ಪಡಿಯಚ್ಚು. ಕೈತಪ್ಪಿ ಅಳಿಸಿದರೆ ಎರಡರಲ್ಲೂ ಹೋಗುತ್ತೆ. ಮೂರನೇ ಪ್ರತಿ ಬೆಂಗಳೂರಲ್ಲಿಟ್ಟೆ.

ಪಕ್ಕದಲ್ಲೊಂದು ಎನ್‌ಎಫ್‌ಒ ಫೈಲ್ ಬರೆದಿಟ್ಟರೆ ಕೋಡಿ ಅದನ್ನೂ ಓದುತ್ತೆ. ಹಾಗಾಗಿ ಈಗ ಅಪ್ಪ ಹೇಳ್ತಾರೆ, ನಾನು ಟೈಪ್ ಮಾಡ್ತೀನಿ: ಯಾರು, ಯಾರ ಮದುವೆ, ಯಾವ ವರ್ಷ. ಅಜ್ಜಿ ಜೊತೆ ದನಿಗೂಡಿಸಿದ ಹೆಂಗಸಿನ ಹೆಸರು ಮಾತ್ರ ಅಪ್ಪನಿಗೂ ನೆನಪಾಗಲಿಲ್ಲ. ಕೇಳೋಣ ಅಂದ್ರೆ ಅಜ್ಜಿ ಇಲ್ಲ.

ಜೋಡಿಸಬೇಡಿ ಅನ್ನಲ್ಲ. ಡಿಸ್ಕ್ ಕೊಳ್ಳೋ ಮುಂಚೆ ಹೆಸರುಗಳನ್ನ ಕೇಳಿ ಬರೆದಿಟ್ಟುಕೊಳ್ಳಿ.